ಕೈಗೂಸಿನ ಗಂಟು

ಹಾಲಪ್ಪ ಮೇಷ್ಟ್ರು ಕೊಟ್ಟ ಚೀಟಿಯಲ್ಲಿ ಒಂದೆರಡು ಗೆರೆಗಷ್ಟೇ ಜಾಗವಿದೆ. ಮೇಲೆ ಅವರದೇ ದುಂಡು ಅಕ್ಷರದಲ್ಲಿ ‘ಕೈಗೂಸು’ ಎಂದು ಬರೆದಿದೆ. ಅದರ ಕೆಳಗೆ ‘ಅರ್ಥ’, ಅದರ ಕೆಳಗೆ ‘ಹುಟ್ಟು’. ನಿವೃತ್ತರಾದ ಮೇಲೆ ಮೇಷ್ಟ್ರು ನಮ್ಮ ಊರಿನ ಮಾತುಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ಮಾಡುತ್ತಿದ್ದಾರೆ. ಒಂದೊಂದು ಮಾತನ್ನು ಒಬ್ಬೊಬ್ಬರಿಗೆ ಹಂಚಿದ್ದಾರೆ. ಇದನ್ನು ನನಗೆ ಕೊಟ್ಟದ್ದೇಕೆ ಎಂದು ಕೇಳಿದರೆ, ನಾನು ಬಿ.ಎ. ಓದಿದವಳು, ಮಾತನ್ನು ತೂಗಿ ಆಡುವವಳು ಎಂದರು. ಅವರು ಹೇಳದ ಕಾರಣ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಈ ಊರಿನಲ್ಲಿ ಹನ್ನೊಂದು ವರ್ಷ ಒಂದೇ ಕೈಗೂಸನ್ನು ಇಟ್ಟುಕೊಂಡ ಹೆಂಗಸು ನಾನೊಬ್ಬಳೇ.

ಅರ್ಥ ಬರೆಯುವುದು ಕಷ್ಟವಲ್ಲ. ಬೇರೆ ಊರುಗಳಲ್ಲಿ ಕೈಗೂಸು ಎಂದರೆ ಇನ್ನೂ ನೆಲಕ್ಕಿಳಿಯದ, ತೋಳಿನಲ್ಲೇ ಇರುವ ಮಗು. ನಮ್ಮಲ್ಲಿ ಕಸುಬು ಕಲಿಯಲು ಸೇರಿದವರು ಯಾರೇ ಆಗಲಿ, ಗಂಡಾಗಲಿ ಹೆಣ್ಣಾಗಲಿ, ಇಪ್ಪತ್ತರವರಾಗಲಿ ಐವತ್ತರವರಾಗಲಿ, ಕೈಗೂಸು. ಕಲಿಸುವವರು ಅವರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಂಗಡಿಯ ಹೊಸ್ತಿಲು ದಾಟಿಸಬೇಕು. ಗಾಣದ ಮರುಳಪ್ಪ ತನ್ನ ಭಾವಮೈದುನನನ್ನು ಎತ್ತಲು ಹೋಗಿ ಸೊಂಟ ಉಳುಕಿಸಿಕೊಂಡು ಹೊಸ್ತಿಲ ಮೇಲೇ ಕುಸಿದು ಕುಳಿತದ್ದನ್ನು ಜನ ಇಂದಿಗೂ ಆಡಿಕೊಳ್ಳುತ್ತಾರೆ. ಹೊಸ್ತಿಲು ದಾಟಿದ ಗಳಿಗೆಯಿಂದ ಕೈಗೂಸಿನ ಮೈ ನಿಲ್ಲುತ್ತದೆ. ಕೂದಲು ಬೆಳೆಯುವುದಿಲ್ಲ, ಉಗುರು ಬೆಳೆಯುವುದಿಲ್ಲ, ಹೆಂಗಸಾದರೆ ಮುಟ್ಟು ನಿಲ್ಲುತ್ತದೆ. ದಿನವೂ ಮನೆಗೆ, ಸಂತೆಗೆ ಹೋಗಿಬಂದರೂ ಮೈ ನಿಂತೇ ಇರುತ್ತದೆ. ಮುಂದಕ್ಕೆ ಹೋಗುವುದು ಕಲಿಯುವ ಕೈ ಮಾತ್ರ. ಎಂದೋ ಒಂದು ದಿನ ಆ ಕೈಯಿಂದ ಕುಂದಿಲ್ಲದ ಒಂದು ಕೆಲಸ ಆಗುತ್ತದೆ. ಆಗ ನಿಂತಿದ್ದ ವರ್ಷಗಳೆಲ್ಲ ಒಟ್ಟಿಗೆ ಮೈಗೆ ಇಳಿಯುತ್ತವೆ, ಕೈಗೂಸು ತನ್ನ ಕಾಲಿನ ಮೇಲೆ ನಡೆದು ಹೊಸ್ತಿಲು ದಾಟಿ ಹೊರಗೆ ಬರುತ್ತದೆ. ಮೂರು ನಾಲ್ಕು ವರ್ಷದ ಮಾತಾದರೆ ಅದೇನೂ ದೊಡ್ಡದಲ್ಲ. ನಾನು ಅಪ್ಪನ ಹತ್ತಿರ ಪುಸ್ತಕದ ಬೈಂಡಿಂಗ್ ಕಲಿತು ಮುಗಿಸಿದ ದಿನ ನನ್ನ ಜಡೆ ತೊಡೆಯವರೆಗೆ ಇಳಿದಿತ್ತು, ವಿಪರೀತ ಹಸಿವಾಗಿತ್ತು, ಅಷ್ಟೇ.

ಊರು ಇದಕ್ಕೆ ಹೊಂದಿಕೊಂಡಿದೆ. ನಮ್ಮ ರೇಷನ್ ಕಾರ್ಡಿನಲ್ಲಿ ವಯಸ್ಸಿಗೆ ಎರಡು ಕಾಲಂಗಳಿವೆ, ನಡೆದದ್ದು ಒಂದು, ನಿಂತದ್ದು ಒಂದು. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ‘ಎಷ್ಟು ವರ್ಷ ನಿಂತಿದ್ದಳು’ ಎಂದು ಕೇಳುತ್ತಾರೆ. ಬೀದಿಯಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಓಡಾಡುವವರು ಕಂಡರೆ ಕೈಗೂಸು ಎಂದು ತಿಳಿಯಬೇಕು, ಏಕೆಂದರೆ ನಿಂತ ಮೈಯಲ್ಲಿ ಗಾಯ ಆರುವುದಿಲ್ಲ. ಅದಕ್ಕೇ ಮೊದಲ ತಿಂಗಳು ಬಡಗಿ ಮೊಂಡು ಉಳಿ ಕೊಡುತ್ತಾನೆ, ಕ್ಷೌರದವನು ಧಾರೆಯಿಲ್ಲದ ಕತ್ತಿ ಕೊಡುತ್ತಾನೆ, ನಾವು ಮೊಂಡು ಸೂಜಿ ಕೊಡುತ್ತೇವೆ.

ಕಲಿತು ಮುಗಿಸಲು ಒಲ್ಲದವರೂ ಇದ್ದಾರೆ. ಮಾಡಿದ ಕೆಲಸದಲ್ಲಿ ಬೇಕೆಂದೇ ಒಂದು ಊನ ಬಿಡುವುದಕ್ಕೆ ನಮ್ಮಲ್ಲಿ ಕುಂದಿಡುವುದು ಎನ್ನುತ್ತಾರೆ. ಕಮ್ಮಾರ ಸಾಲಿನ ಚೆನ್ನವೀರ ಮೂವತ್ತಾರು ವರ್ಷದಿಂದ ಕುಂದಿಡುತ್ತಿದ್ದಾನೆ. ಕುಡುಗೋಲಿಗೆ ಒಂದೊಂದು ಸಲ ಒಂದೊಂದು ಕಡೆ ಸೊಟ್ಟ. ನೋಡಲು ಇಪ್ಪತ್ತೆರಡರವನು. ಅವನ ಹೆಂಡತಿ ಸಿದ್ದಮ್ಮ ಬುತ್ತಿ ತಂದು ಕುಲುಮೆಯ ಮುಂದೆ ಕುಕ್ಕಿ, “ಹೊರಗಡೆಯೋರು ಯಾರಮ್ಮ ಇವನು ಅಂದ್ರೆ ಮೊಮ್ಮಗ ಅಂತೀನಿ ಕಣಯ್ಯ. ಗಂಡ ಅಂದ್ರೆ ಯಾರು ನಂಬ್ತಾರೆ” ಎನ್ನುತ್ತಾಳೆ. ಅವನು ನಗುತ್ತಾನೆ. ಅವನ ಎಡಗೈಯಲ್ಲಿ ಏಳು ಸುಟ್ಟ ಗಾಯಗಳಿವೆ, ಏಳೂ ಹಸಿ. ನಾನು ಆ ದಾರಿಯಲ್ಲಿ ಹೋಗುವಾಗಲೆಲ್ಲ ಅವನ ಮುಖವನ್ನು ಬಿಟ್ಟು ಆ ಕೈಯನ್ನೇ ನೋಡುತ್ತಿದ್ದೆ. ನೋಡಬಾರದೆಂದುಕೊಂಡೂ ನೋಡುತ್ತಿದ್ದೆ.

ನನ್ನ ಕೈಗೂಸು ನನ್ನ ತಂಗಿ ನೀಲವೇಣಿ. ಅವಳು ಹುಟ್ಟಿದ ಮರುವರ್ಷವೇ ಅಮ್ಮ ತೀರಿಕೊಂಡಳು. ನನಗಾಗ ಹತ್ತು ವರ್ಷ. ಅವಳನ್ನು ಸೊಂಟದ ಮೇಲೆ ಹೊತ್ತುಕೊಂಡೇ ಶಾಲೆಗೆ ಹೋಗುತ್ತಿದ್ದೆ, ಎಲ್ಲರೂ ಅವಳನ್ನು ನನ್ನ ಪುಸ್ತಕದ ಚೀಲ ಎನ್ನುತ್ತಿದ್ದರು. ನಾನು ಮದುವೆಯಾಗಲಿಲ್ಲ. ಅವಳು ಆದಳು, ಇಂದುಮತಿಯನ್ನು ಹೆತ್ತಳು, ಗಂಡ ತೀರಿಹೋದ ಮೇಲೆ ಮಗಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದಳು. ಅಪ್ಪ ಅಷ್ಟು ಹೊತ್ತಿಗೆ ಇರಲಿಲ್ಲ. ಇಂದುವಿಗೆ ಎಂಟು ತುಂಬಿದ ಬೇಸಿಗೆಯಲ್ಲಿ ನೀಲುವಿಗೆ ಹೊಟ್ಟೆನೋವು ಶುರುವಾಯಿತು. ಆಸ್ಪತ್ರೆಯ ಡಾಕ್ಟರು ಗಡ್ಡೆ ಎಂದರು. ನನ್ನನ್ನು ಬಾಗಿಲಾಚೆಗೆ ಕರೆದು, “ಈ ಮಳೆಗಾಲ ದಾಟೋದು ಕಷ್ಟ ಅಮ್ಮ” ಎಂದರು.

ಆಸ್ಪತ್ರೆಯಿಂದ ಮನೆಗೆ ಹೋಗಲಿಲ್ಲ. ಆಟೋದವನಿಗೆ ಅಂಗಡಿಯ ದಾರಿ ಹೇಳಿದೆ. ನೀಲು ಕೆಳಗಿಳಿಯುವ ಮೊದಲೇ ಅವಳನ್ನು ಎತ್ತಿಕೊಂಡೆ. “ಅಕ್ಕ, ಏನೇ ಇದು, ಇಳಿಸು, ಜನ ನೋಡ್ತಾರೆ” ಎಂದಳು. ನಾನು ಹೊಸ್ತಿಲು ದಾಟಿದೆ. ಕತ್ತರಿಸಿದ ಕಾಗದದ ರಾಶಿಯ ಮೇಲೆ ಅವಳನ್ನು ಕೂರಿಸಿ, ಜೇನುಮೇಣ ಉಜ್ಜಿದ ದಾರ ಪೋಣಿಸಿ, ಕೈಗೆ ಸೂಜಿ ಕೊಟ್ಟೆ. ಅವಳು ಸೂಜಿಯನ್ನೂ ನನ್ನನ್ನೂ ನೋಡಿದಳು. ಡಾಕ್ಟರು ಏನು ಹೇಳಿದರೆಂದು ಆಗ ಅವಳಿಗೆ ತಿಳಿಯಿತು.

ಆತುರದಲ್ಲಿ ನಾನು ಮೊಂಡು ಸೂಜಿ ಕೊಡುವುದನ್ನು ಮರೆತಿದ್ದೆ. ಈ ಊರಿನಲ್ಲಿ ಯಾವ ಕುಡುಕನೂ ಮರೆಯದ ಸಂಗತಿ ಅದು. ಮೂರನೆಯ ದಿನ ಸೂಜಿ ಅವಳ ಬಲಗೈ ಹೆಬ್ಬೆರಳಿನೊಳಗೆ ಉಗುರಿನ ಬುಡದವರೆಗೆ ಹೋಯಿತು. ಅವಳು ಅಳಲಿಲ್ಲ. “ಇದೊಂದು ಜೊತೆಗಿರುತ್ತೆ ಬಿಡು” ಎಂದಳು. ಅಂದಿನಿಂದ ಪ್ರತಿ ಬೆಳಿಗ್ಗೆ ಹಳೆ ಧೋತ್ರದ ಒಂದು ಚೂರು ಹರಿದು ಆ ಬೆರಳಿಗೆ ಕಟ್ಟುವುದು ನನ್ನ ಕೆಲಸವಾಯಿತು. ಪ್ರತಿ ದಿನ ಬಿಚ್ಚಿದಾಗ ಅದೇ ಗಾಯ, ಅದೇ ಒಂದು ಹನಿ ರಕ್ತ, ಈಗಷ್ಟೇ ಚುಚ್ಚಿದಂತೆ.

ಮಳೆಗಾಲ ದಾಟಿತು. ನೀಲು ಇದ್ದಳು. ಮತ್ತೊಂದು ಮಳೆಗಾಲ ದಾಟಿತು. ಡಾಕ್ಟರು ಹೊರಗಿನವರು, ಅವಳನ್ನು ಸಂತೆಯಲ್ಲಿ ಕಂಡು ಸೊಪ್ಪು ಆರಿಸುವುದನ್ನು ಮರೆತು ನಿಂತರು. ನಾನು ಹೆಮ್ಮೆಪಟ್ಟೆ. ಸಂಜೆ ಅಂಗಡಿ ಮುಚ್ಚುವಾಗ “ನೋವು ಹೇಗಿದೆಯೇ” ಎಂದು ಕೇಳುತ್ತಿದ್ದೆ. ಅವಳು “ಅಷ್ಟೇ ಇದೆ” ಎನ್ನುತ್ತಿದ್ದಳು. ಅದನ್ನು ನಾನು ಒಳ್ಳೆಯ ಸುದ್ದಿಯೆಂದೇ ಕೇಳಿಸಿಕೊಳ್ಳುತ್ತಿದ್ದೆ.

ಮೊದಲ ಮೂರು ವರ್ಷ ಕುಂದಿಡುವ ಅಗತ್ಯವೇ ಬೀಳಲಿಲ್ಲ. ಹೆಬ್ಬೆರಳಿನ ರಕ್ತ ಎಲ್ಲೋ ಒಂದು ಹಾಳೆಗೆ ತಾಕಿಯೇ ತಾಕುತ್ತಿತ್ತು, ಕಲೆಯೇ ಕುಂದು. ನಾಲ್ಕನೆಯ ವರ್ಷ ಅವಳು ಹೆಬ್ಬೆರಳನ್ನು ಮೇಲಕ್ಕೆತ್ತಿಕೊಂಡೇ ಹೊಲಿಯುವುದನ್ನು ರೂಢಿ ಮಾಡಿಕೊಂಡಳು. ನಾವು ಹಾಳೆಗಳನ್ನು ಮಡಿಕೆ ಮಾಡಿ, ಒಂದು ಮಡಿಕೆಯ ಮೇಲೆ ಇನ್ನೊಂದನ್ನಿಟ್ಟು ಹೊಲಿಯುತ್ತೇವೆ. ಪ್ರತಿ ಮಡಿಕೆಯ ತುದಿಯಲ್ಲಿ ಕೆಳಗಿನ ಮಡಿಕೆಗೆ ಸೇರಿಸಿ ಒಂದು ಗಂಟು. ನಾನು ಹೆಬ್ಬೆರಳಿನಿಂದ ದಾರವನ್ನು ಒತ್ತಿಹಿಡಿದು ಬಲಕ್ಕೆ ತಿರುಗಿಸಿ ಗಂಟು ಹಾಕುತ್ತೇನೆ. ಅವಳು ಹೆಬ್ಬೆರಳಿಲ್ಲದೆ, ಎರಡು ಬೆರಳಲ್ಲೇ ಎಡಕ್ಕೆ ತಿರುಗಿಸಿ ಹಾಕುತ್ತಿದ್ದಳು. ಆ ಗಂಟು ನನ್ನದಕ್ಕಿಂತ ಚಿಕ್ಕದು, ನನ್ನದಕ್ಕಿಂತ ಗಟ್ಟಿ. ನನ್ನ ತಂಗಿಯ ಕೈ ಒಳ್ಳೆಯ ಕೈ ಎಂದು ಅಂದು ತಿಳಿಯಿತು.

ಹೊಲಿದ ಪುಸ್ತಕ ಒಂದು ದಿನ ಭಾರದ ಕಲ್ಲಿನ ಕೆಳಗೆ ಕೂರಬೇಕು. ಅದರ ಬೆನ್ನಿಗೆ ಅಂಟು ಹಚ್ಚಿ, ರಟ್ಟು ಕೂರಿಸಿ, ತಿರುಪಿನ ಪ್ರೆಸ್ಸಿಗೆ ಹಾಕುವುದು ಆಮೇಲೆ. ನೀಲು ಇಂದುವಿನ ಶಾಲೆ ಬಿಡುವ ಹೊತ್ತಿಗೆ ಮನೆಗೆ ಹೋದರೆ, ನಾನು ಕಲ್ಲು ಸರಿಸಿ ಕೊನೆಯ ಮಡಿಕೆಯ ಗಂಟನ್ನು ದಬ್ಬಣದ ತುದಿಯಿಂದ ಬಿಚ್ಚಿ, ಕೂದಲೆಳೆಯಷ್ಟು ಸಡಿಲ ಬಿಟ್ಟು ಮತ್ತೆ ಕಟ್ಟುತ್ತಿದ್ದೆ. ಆ ಪುಸ್ತಕವನ್ನು ಯಾರು ಬೇಕಾದರೂ ಐವತ್ತು ವರ್ಷ ಬಳಸಬಹುದು. ಕುಂದು ಕಾಣುವುದು ಮೊದಲ ಸಲ ತೆರೆದಾಗ ಮಾತ್ರ, ಕೊನೆಯ ಮಡಿಕೆ ಒಂಚೂರು ಮುಂದಕ್ಕೆ ಜಾರುತ್ತದೆ. ಮೊದಲ ಸಲ ತೆರೆಯಬೇಕಾದದ್ದು ಹೊಲಿದ ಕೈಯೇ. ನೀಲು ಪ್ರೆಸ್ಸಿನಿಂದ ತೆಗೆದು, ಮೇಜಿನ ಮೇಲಿಟ್ಟು, ನಿಧಾನವಾಗಿ ತೆರೆದು, ಜಾರಿದ ಮಡಿಕೆಯನ್ನು ನೋಡಿ, “ಇವತ್ತೂ ಇಲ್ಲ” ಎಂದು ಮುಚ್ಚುತ್ತಿದ್ದಳು. “ಬರುತ್ತೆ ಬಿಡು ಕೂಸೇ” ಎನ್ನುತ್ತಿದ್ದೆ. ಅಂಗಡಿಯೊಳಗೆ ಕೈಗೂಸನ್ನು ಹೆಸರು ಹಿಡಿದು ಕರೆಯುವ ಪದ್ಧತಿಯಿಲ್ಲ. ಹಾಗೆ ಏಳು ವರ್ಷ ಕಳೆಯಿತು. ಎಷ್ಟು ಗಂಟು ಬಿಚ್ಚಿದೆನೋ ಲೆಕ್ಕವಿಟ್ಟಿಲ್ಲ.

ಇಂದುಮತಿ ಬೆಳೆದಳು. ಅವಳಿಗೆ ಹತ್ತೊಂಬತ್ತು, ಅವಳ ಅಮ್ಮನಿಗೆ ಇಪ್ಪತ್ತೊಂಬತ್ತರ ಮುಖ. ಬಳೆ ಅಂಗಡಿಯಲ್ಲಿ ಅಕ್ಕತಂಗಿಯರೆಂದು ಒಂದೇ ಅಳತೆಯ ಬಳೆ ಹಾಕಿದರು. ಮನೆಯಲ್ಲಿ ಅವಳು ಅಮ್ಮನಿಗೆ ತಲೆ ಬಾಚುತ್ತಿದ್ದಳು. ಬಾಚುವಾಗ ಒಂದೂ ಕೂದಲು ಉದುರದ ಹಾಗೆ ಜೋಪಾನ ಮಾಡುತ್ತಿದ್ದಳು, ಉದುರಿದ್ದು ಮತ್ತೆ ಬರುವುದಿಲ್ಲವಲ್ಲ.

ಹೀಗಿರುವಾಗ ಹಾಲಪ್ಪ ಮೇಷ್ಟ್ರು ಈ ಚೀಟಿಯನ್ನೂ, ಬಟ್ಟೆಯಲ್ಲಿ ಸುತ್ತಿದ ಒಂದು ಹಳೆಯ ಪುಸ್ತಕವನ್ನೂ ತಂದರು. ಪುರಸಭೆಯ ಬೀರುವಿನಲ್ಲಿತ್ತಂತೆ. ಬೆನ್ನು ಸಂಪೂರ್ಣ ಹೋಗಿತ್ತು, ಹಾಳೆಗಳು ಬಿಡಿಬಿಡಿಯಾಗಿದ್ದವು. ಊರಿನ ಕಸುಬುಗಳ ಪುಸ್ತಕ, ಯಾರಾರೋ ಬರೆದದ್ದು. “ಇದನ್ನ ಕಟ್ಟಿಕೊಡಮ್ಮ ವಾರಿಜಾ. ಕಟ್ಟುವಾಗ ನಿನ್ನ ಮಾತಿನ ಹುಟ್ಟು ಎಲ್ಲಾದ್ರೂ ಸಿಗುತ್ತೇನೋ ನೋಡು” ಎಂದರು. ಮೂಲೆಯಲ್ಲಿ ಕುಳಿತಿದ್ದ ನೀಲುವನ್ನು ಕಂಡು, “ಏನಮ್ಮ, ಇನ್ನೂ ಕೂಸೇನಾ ನೀನು” ಎಂದು ನಕ್ಕರು. “ಏನ್ಮಾಡೋದು ಮೇಷ್ಟ್ರೇ, ನಮ್ಮಕ್ಕನಿಗೆ ಕೆಳಗಿಳಿಸೋಕೆ ಮನಸ್ಸಿಲ್ಲ” ಎಂದು ಅವಳೂ ನಕ್ಕಳು. ನಾನು ಮೈದಾ ಅಂಟಿಗೆ ಮೈಲುತುತ್ತ ಕಲಸುತ್ತಿದ್ದೆ. ತಲೆಯೆತ್ತಲಿಲ್ಲ.

ಈ ಮಾತಿನ ಹುಟ್ಟು ನನಗೆ ಗೊತ್ತೆಂದುಕೊಂಡಿದ್ದೆ. ಅಪ್ಪ ಹೇಳಿದ್ದ. ಊರು ಇನ್ನೂ ಒಂದೇ ಬೀದಿಯಾಗಿದ್ದ ಕಾಲದಲ್ಲಿ ಒಬ್ಬ ತಾಯಿ ಸುಡುವ ಜ್ವರದ ಮಗುವನ್ನು ಎತ್ತಿಕೊಂಡು ಬೀದಿಯ ಕೊನೆಯಲ್ಲಿದ್ದ ಕಂಬಳಿ ನೇಯುವವನ ಮನೆಗೆ ಬಂದಳು. ಇದನ್ನು ನಿನ್ನ ಹತ್ತಿರ ನೇಯ್ಗೆ ಕಲಿಯಲು ಬಿಡುತ್ತೇನೆ ಎಂದಳು. ಅವನು ನಕ್ಕು, ಇದಿನ್ನೂ ಕೈಗೂಸಲ್ಲವೇನಮ್ಮ ಎಂದ. ಕೈಗೂಸೇ ಆಗಲಿ, ಒಳಗೆ ತಗೋ ಎಂದಳು. ಅವನು ಎರಡೂ ಕೈ ಚಾಚಿ ಎತ್ತಿಕೊಂಡು ಹೊಸ್ತಿಲು ದಾಟಿಸಿದ. “ಆ ಕೂಸು ಸಾಯಲಿಲ್ಲ” ಎನ್ನುತ್ತಿದ್ದ ಅಪ್ಪ. ಅಂದಿನಿಂದ ಕಲಿಯುವವರಿಗೆಲ್ಲ ಆ ಹೆಸರು. ಇಷ್ಟು ಹೇಳಿ ಅವನು ದಾರ ಸುತ್ತತೊಡಗುತ್ತಿದ್ದ. ಆಮೇಲೆ ಆ ಕೂಸು ಏನಾಯಿತೆಂದು ನಾವೂ ಕೇಳಿರಲಿಲ್ಲ. ಅಂದು ಆಟೋದಿಂದ ನೀಲುವನ್ನು ಎತ್ತಿಕೊಂಡಾಗ ನನ್ನ ತಲೆಯಲ್ಲಿದ್ದದ್ದು ಈ ಕಥೆಯೇ.

ಹರಿದ ಅಂಚುಗಳಿಗೆ ತೆಳು ಕಾಗದ ಅಂಟಿಸಿ ಹಾಳೆಗಳನ್ನು ಮಡಿಕೆ ಮಾಡುವ ಕೆಲಸ ನೀಲುವಿನದಾಗಿತ್ತು. ನಾಲ್ಕನೆಯ ದಿನ ಅವಳು ಒಂದು ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡಳು. ನಾನು ನೋಡುತ್ತಿದ್ದೆ. ಅವಳ ಮುಖ, ಅವಳ ಕೈ, ಅವಳು ಹೊಟ್ಟೆಯನ್ನು ಒತ್ತಿಕೊಳ್ಳುತ್ತಾಳೋ ಇಲ್ಲವೋ, ಇದನ್ನೆಲ್ಲ ನೋಡದೆ ನನಗೆ ಯಾವ ಕೆಲಸವೂ ಸಾಗುತ್ತಿರಲಿಲ್ಲ.

“ಅಕ್ಕ, ಅಳೋ ವಿಷಯ ಅಪ್ಪ ಹೇಳಿರಲಿಲ್ಲ ಅಲ್ವಾ” ಎಂದಳು.

“ಯಾರು ಅಳೋದು?”

ಅವಳು ಹಾಳೆಯನ್ನು ನನ್ನ ಮುಂದಿಟ್ಟಳು. ಕಂದಿದ ಮಸಿಯಲ್ಲಿ ಹೀಗಿತ್ತು: ‘ಕೂಸಿನ ಜ್ವರ ಏರಲಿಲ್ಲ, ಇಳಿಯಲಿಲ್ಲ. ಕೂಸು ಹತ್ತೊಂಬತ್ತು ವರ್ಷ ಅತ್ತಿತು. ಬೀದಿಯ ಒಂಬತ್ತು ಮನೆಯವರು ಅಳು ಕೇಳಲಾರದೆ ಮನೆ ಬಿಟ್ಟರು. ಹೆತ್ತವಳು ಪ್ರತಿ ದಿನ ಬಂದು ನೋಡಿ, ಬದುಕಿದೆಯಲ್ಲ ಎಂದು ಹೇಳಿ ಹೋಗುತ್ತಿದ್ದಳು. ಹೆತ್ತವಳು ಸತ್ತ ಮೇಲೆ ನೇಯುವವನ ಹೆಂಡತಿ ಒಂದು ಮಧ್ಯಾಹ್ನ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಹಿಡಿದು, ಕಂಬಳಿಯ ಕೊನೆಯ ಗಂಟು ಹಾಕಿಸಿದಳು. ಗಂಟು ಸರಿಯಾಗಿ ಬಿತ್ತು. ಕೂಸಿನ ಅಳು ನಿಂತಿತು. ಅಂದು ಬೀದಿಗೆ ಕಿವಿ ಬಂದಂತಾಯಿತು.’

ಎರಡು ಸಲ ಓದಿದೆ. ಅಕ್ಷರ ಸರಿಯಾಗಿ ಕಾಣುತ್ತಿಲ್ಲ ಎಂದೆ.

“ಕಾಣುತ್ತೆ” ಎಂದಳು ನೀಲು. “ಅಕ್ಕ, ಕೂತ್ಕೋ. ನಿನ್ನ ಗಂಟು ಬಲಕ್ಕೆ ತಿರುಗುತ್ತೆ. ನಂದು ಎಡಕ್ಕೆ.”

“ಯಾವಾಗಿಂದ ಗೊತ್ತು?” ಎಂದೆ.

“ಮೊದಲನೇ ಸಲದಿಂದ್ಲೇ. ಇಪ್ಪತ್ತು ಗಂಟು ಎಡಕ್ಕೆ ತಿರುಗಿ ಕೊನೇದೊಂದು ಬಲಕ್ಕೆ ತಿರುಗಿದ್ರೆ ಕಾಣಲ್ವಾ? ಬೈಂಡಿಂಗ್ ಕಲಿಸಿದೋಳು ನೀನೇ ಕಣೇ.”

“ಹೇಳಲಿಲ್ಲ ನೀನು.”

“ಇಂದು ಚಿಕ್ಕೋಳಿದ್ದಳು. ನನಗೂ ಬೇಕಿತ್ತು. ಅವಳು ದೊಡ್ಡೋಳಾಗೋದು ನೋಡ್ಬೇಕಿತ್ತು.” ಅವಳು ಹಾಳೆಯ ಅಂಚನ್ನು ಸರಿಪಡಿಸಿದಳು. “ಮೊದಲ ನಾಲ್ಕೈದು ವರ್ಷ ಅವಳಿಗೋಸ್ಕರ ಸುಮ್ಮನಿದ್ದೆ. ಆಮೇಲೆ ನಿನಗೋಸ್ಕರ.”

“ನೋವು ಅಷ್ಟೇ ಇದೆ ಅಂತ ಹೇಳ್ತಿದ್ದೆ...”

“ಅಷ್ಟೇ ಇದೆ ಅಕ್ಕ. ಆ ದಿನ ಆಟೋದಲ್ಲಿ ಬರುವಾಗ, ಸೇತುವೆ ಹತ್ತಿರ ಗಾಡಿ ಎಗರಿದಾಗ ನಾನು ನಿನ್ನ ಕೈ ಹಿಡ್ಕೊಂಡಿದ್ದೆ, ನೆನಪಿದ್ಯಾ? ನಿನ್ನ ಬಳೆ ಒಡೀತಲ್ಲ. ಅಷ್ಟೇ ಇದೆ. ಒಂದು ಗಳಿಗೇನೂ ಕಮ್ಮಿ ಆಗಿಲ್ಲ.”

ನೆನಪಿತ್ತು. ಒಡೆದ ಬಳೆಯ ಚೂರು ನನ್ನ ಮಣಿಕಟ್ಟಿಗೆ ಚುಚ್ಚಿತ್ತು. ನನ್ನ ಗಾಯ ಒಂದು ವಾರದಲ್ಲಿ ಆರಿತ್ತು. ಹನ್ನೊಂದು ವರ್ಷದಿಂದ ಈ ಹುಡುಗಿ ಅದೇ ಸೇತುವೆಯ ಮೇಲಿದ್ದಾಳೆ ಎಂದು ನಾನು ಎಂದೂ ಯೋಚಿಸಿರಲಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಯೋಚನೆ ಬಂದಾಗಲೆಲ್ಲ ಎದ್ದು ಬೇರೆ ಕೆಲಸ ಹಿಡಿಯುತ್ತಿದ್ದೆ.

“ಇದನ್ನ ಪೂರ್ತಿ ನಾನೇ ಹೊಲಿತೀನಿ” ಎಂದಳು ನೀಲು. “ಬಿಚ್ಚಬೇಡ ಅಂತ ನಾನು ಹೇಳಲ್ಲ. ಹೇಳಿದ್ರೆ ನಿನ್ನ ಮೇಲೆ ಹೊರಿಸಿದಂಗಾಗುತ್ತೆ. ನಿನಗೆ ಏನು ಅನ್ಸುತ್ತೋ ಅದನ್ನ ಮಾಡು.”

ಅವಳು ಆರು ದಿನ ಹೊಲಿದಳು. ನಲವತ್ತೆರಡು ಮಡಿಕೆ. ಆ ಆರು ದಿನ ನಾನು ನನ್ನ ಮೇಜನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದೆ. ಅವಳನ್ನು ನೋಡದೆ ಕುಳಿತದ್ದು ಆ ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಬೆಳಿಗ್ಗೆ ಬೆರಳಿಗೆ ಬಟ್ಟೆ ಕಟ್ಟುವಾಗ ಮಾತ್ರ ಎದುರಾಗುತ್ತಿದ್ದೆವು. ಎರಡನೆಯ ದಿನದಿಂದ ಅವಳು ಎರಡು ಸುತ್ತು ಹೆಚ್ಚು ಕಟ್ಟು ಎಂದಳು. ಏಕೆಂದು ಕೇಳಲಿಲ್ಲ. ಆರನೆಯ ದಿನ ಮಧ್ಯಾಹ್ನ ದಾರ ಕತ್ತರಿಸಿದ ಸದ್ದು ಕೇಳಿಸಿತು. ದಪ್ಪ ಪುಸ್ತಕ, ಭಾರದ ಕೆಳಗೆ ಎರಡು ದಿನ ಇರಬೇಕು. ಅವಳು ಕಲ್ಲನ್ನು ತಾನೇ ಹೇರಿ, ಸೆರಗಿಗೆ ಕೈ ಒರೆಸಿಕೊಂಡು ಮನೆಗೆ ಹೋದಳು.

ಮರುದಿನ ಅವಳು ಬರಲಿಲ್ಲ, ಇಂದುಮತಿ ಬಂದಳು. ಬಾಗಿಲಲ್ಲೇ ನಿಂತು, “ದೊಡ್ಡಮ್ಮ, ಅಮ್ಮ ಟ್ರಂಕಿಂದ ಸೀರೆ ತೆಗೆದು ಬಿಸಿಲಿಗೆ ಹಾಕ್ತಿದಾಳೆ. ಯಾರಿಗೆ ಯಾವುದು ಅಂತ ಹೇಳ್ತಿದಾಳೆ” ಎಂದಳು.

ನಾನು ದಾರಕ್ಕೆ ಮೇಣ ಉಜ್ಜುತ್ತಿದ್ದೆ.

“ಅದೇನಾ?” ಕಲ್ಲಿನ ಕಡೆ ನೋಡಿದಳು. “ಗಂಟಿನ ವಿಷಯ ಅಮ್ಮ ಹೇಳಿದ್ಲು. ಬಿಚ್ಚಿದ್ಯಾ?”

“ಇಲ್ಲ.”

“ಬಿಚ್ಚು ದೊಡ್ಡಮ್ಮ.” ಅವಳ ಧ್ವನಿ ಮೆತ್ತಗಿತ್ತು. “ಇಷ್ಟು ವರ್ಷ ಬಿಚ್ಚಿದ್ದೀಯ. ಇನ್ನೊಂದು ಸಲ ಬಿಚ್ಚು. ನನಗೆ ಮದುವೆ ಆಗ್ಲಿ, ಒಂದು ಮಗು ಆಗ್ಲಿ. ಅಮ್ಮ ಅದನ್ನ ಎತ್ಕೊಳ್ಳಲಿ.”

“ಆಮೇಲೆ?”

“ಆಮೇಲೆ ನೋಡೋಣ.”

“ನಾನೂ ಹಾಗೇ ಅಂದ್ಕೊಂಡಿದ್ದೆ ಇಂದು. ನಿನ್ನ ಮೂರನೇ ಕ್ಲಾಸು ಮುಗೀಲಿ ಅಂತ. ಆಮೇಲೆ ಹೈಸ್ಕೂಲು ಮುಗೀಲಿ ಅಂತ.”

“ಅಮ್ಮ ಚೆನ್ನಾಗೇ ಇದಾಳಲ್ಲ. ನಗ್ತಾಳೆ, ಅಡುಗೆ ಮಾಡ್ತಾಳೆ.”

ನಾನು ಸೇತುವೆಯ ಮಾತನ್ನು ಅವಳಿಗೆ ಹೇಳಿದೆ. ಹೇಳಬಾರದಿತ್ತೇನೋ. ಅವಳು ಕತ್ತರಿಸಿದ ಕಾಗದದ ರಾಶಿಯ ಮೇಲೆ, ಅವಳ ಅಮ್ಮನನ್ನು ನಾನು ಮೊದಲು ಕೂರಿಸಿದ ಜಾಗದಲ್ಲಿ ಕುಳಿತಳು. “ನಾನು ದಿನಾ ತಲೆ ಬಾಚುವಾಗ ಕಣ್ಣು ಮುಚ್ಕೊಂಡಿರ್ತಾಳೆ. ಸುಖವಾಗಿದೆ ಅಂತ ಅಂದ್ಕೊಂಡಿದ್ದೆ” ಎಂದಳು. ಎದ್ದಳು. “ಬಿಚ್ಚು ಅಂತ ನಾನು ಹೇಳಿದ್ದು ಅಮ್ಮನಿಗೆ ಗೊತ್ತಾಗೋದು ಬೇಡ” ಎಂದು ಹೊರಟುಹೋದಳು. ಬಿಚ್ಚಬೇಡ ಎಂದು ಅವಳೂ ಹೇಳಲಿಲ್ಲ.

ನಾನು ಬಾಗಿಲು ಎಳೆದುಕೊಂಡು, ಕಲ್ಲು ಸರಿಸಿ, ಪುಸ್ತಕವನ್ನು ಕಿಟಕಿಯ ಬೆಳಕಿಗೆ ತಂದೆ. ದಬ್ಬಣ ಕೈಯಲ್ಲಿತ್ತು. ಯಾವಾಗ ತೆಗೆದುಕೊಂಡೆನೋ ಗೊತ್ತಿಲ್ಲ. ಕೊನೆಯ ಗಂಟನ್ನು ನೋಡಿದೆ. ಅದು ಬಲಕ್ಕೆ ತಿರುಗಿತ್ತು. ಅದರ ಕೆಳಗಿನದನ್ನು ನೋಡಿದೆ, ಅದೂ ಬಲಕ್ಕೆ. ನಲವತ್ತೆರಡು ಗಂಟುಗಳೂ ಬಲಕ್ಕೇ ತಿರುಗಿದ್ದವು, ನನ್ನ ಗಂಟಿನ ಹಾಗೆ. ಹಾಗೆ ಹಾಕಬೇಕಾದರೆ ಹೆಬ್ಬೆರಳಿನಿಂದ ದಾರವನ್ನು ಒತ್ತಿಹಿಡಿಯಲೇಬೇಕು. ನಲವತ್ತೆರಡು ಸಲ ಆ ಹಸಿ ಗಾಯದ ಮೇಲೆ ಮೇಣದ ದಾರ ಕುಳಿತಿತ್ತು. ಒಂದು ಹಾಳೆಯ ಮೇಲೂ ರಕ್ತದ ಚುಕ್ಕೆಯಿರಲಿಲ್ಲ.

ಅವಳು ಏಕೆ ಹಾಗೆ ಮಾಡಿದಳೆಂದು ತಿಳಿಯಲು ನನಗೆ ಹೊತ್ತು ಬೇಕಾಗಲಿಲ್ಲ. ಈಗ ನಾನು ಕೊನೆಯ ಗಂಟನ್ನು ಬಿಚ್ಚಿ ಕಟ್ಟಿದರೆ ಅದು ಉಳಿದವುಗಳಂತೆಯೇ ಇರುತ್ತದೆ. ಪುಸ್ತಕ ತೆರೆದು ಮಡಿಕೆ ಜಾರಿದರೆ ತಪ್ಪು ನನ್ನದೋ ಅವಳದೋ ಅವಳಿಗೂ ಗೊತ್ತಾಗುವುದಿಲ್ಲ. ಆಗ ಅವಳು ನನ್ನ ಮೇಲೆ ಬೇಸರ ಮಾಡಿಕೊಳ್ಳಬೇಕಾಗಿಯೂ ಇಲ್ಲ, ನಾನು ಅವಳ ಮುಖ ನೋಡಲು ಹೆದರಬೇಕಾಗಿಯೂ ಇಲ್ಲ. 'ಇವತ್ತೂ ಇಲ್ಲ' ಎಂದು ಮುಚ್ಚಿ ಇನ್ನೊಂದಕ್ಕೆ ಕೈ ಹಾಕುತ್ತಾಳೆ. ಅಷ್ಟು ಜಾಗವನ್ನು ಅವಳು ನನಗಾಗಿ ಬಿಟ್ಟಿದ್ದಳು.

ಕಿಟಕಿಯ ಬಿಸಿಲು ಮೇಜಿನ ಆ ತುದಿಗೆ ಹೋಗುವವರೆಗೂ ಹಾಗೇ ನಿಂತಿದ್ದೆ. ಆಮೇಲೆ ದಬ್ಬಣವನ್ನು ಡಬ್ಬಿಗೆ ಹಾಕಿದೆ, ಕಲ್ಲನ್ನು ಪುಸ್ತಕದ ಮೇಲೆ ಎತ್ತಿಟ್ಟೆ.

ಬೆನ್ನಿಗೆ ಅಂಟು ಹಚ್ಚಿದವಳು ಅವಳೇ, ರಟ್ಟು ಕೂರಿಸಿದವಳೂ ಅವಳೇ. ಪ್ರೆಸ್ಸಿನ ತಿರುಪನ್ನು ಬಿಗಿ ಮಾಡಲು ಮಾತ್ರ ನಾನು ಕೈ ಕೊಟ್ಟೆ. ಮೂರು ದಿನ ಅದು ಪ್ರೆಸ್ಸಿನಲ್ಲಿತ್ತು. ಆ ಮೂರು ದಿನ ನಾವು ಮೂವರೂ ಸುಮ್ಮಸುಮ್ಮನೆ ಚೆನ್ನಾಗಿ ಉಂಡೆವು. ನೀಲು ಗಸಗಸೆ ಪಾಯಸ ಮಾಡಿದಳು. ಸಿದ್ದಮ್ಮ ಬಂದಾಗ ಅವಳಿಗೂ ಒಂದು ಲೋಟ ಕೊಟ್ಟು, “ಚೆನ್ನವೀರಣ್ಣನಿಗೆ ಹೇಳಿ, ಒಂದು ಕುಡುಗೋಲು ನೆಟ್ಟಗೆ ಮಾಡು ಅಂತ” ಎಂದಳು. “ನೆಟ್ಟಗೆ ಮಾಡಿ ಒಂದೇ ಸಲಕ್ಕೆ ನನ್ನಂಗೆ ಮುದುಕ ಆಗೋದು ನೋಡೋ ಆಸೆ ನನಗೂ ಐತೆ ತಾಯಿ” ಎಂದು ಸಿದ್ದಮ್ಮ ಲೋಟ ಬರಿದು ಮಾಡಿದಳು. ನೀಲು ಎಷ್ಟು ನಕ್ಕಳೆಂದರೆ ಹೊಟ್ಟೆ ಹಿಡಿದುಕೊಂಡಳು. ಅದು ನಗುವಿಗಲ್ಲ ಎಂದು ಈಗ ಇಂದುವಿಗೂ ಗೊತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ನಾವು ಮೂವರೇ ಇದ್ದೆವು. ನೀಲು ಪುಸ್ತಕವನ್ನು ಪ್ರೆಸ್ಸಿನಿಂದ ತೆಗೆದು ಮೇಜಿನ ಮೇಲಿಟ್ಟಳು. ನನ್ನ ಮುಖವನ್ನು ಒಂದು ಸಲ ನೋಡಿದಳು. ಅಲ್ಲಿ ಏನು ಕಂಡಿತೋ, ತೆರೆದಳು. ಪುಸ್ತಕ ಅಂಗಾತ ಬಿದ್ದುಕೊಂಡಿತು. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಬೆರಳಾಡಿಸಿದಳು. ಒಂದೂ ಜಾರಲಿಲ್ಲ. “ಬಂತು ಅಕ್ಕ” ಎಂದಳು.

ಮೊದಲು ಉಗುರು ಬೆಳೆದವು, ಆಮೇಲೆ ಕೂದಲು ಜಡೆಯನ್ನು ಬಿಚ್ಚಿಕೊಂಡು ಇಳಿಯಿತು, ಕಿವಿಯ ಹತ್ತಿರ ನಾಲ್ಕೈದು ಬೆಳ್ಳಿಯೆಳೆ. ಎರಡು ಗಳಿಗೆ ಅವಳಿಗೆ ನಲವತ್ತು ವರ್ಷದ ಮುಖವಿತ್ತು. ಅದು ನಮ್ಮ ಅಮ್ಮನಿಗೆ ಬರಬೇಕಿದ್ದು ಬಾರದೆ ಹೋದ ಮುಖ. ನಾನು ಅದನ್ನು ಸರಿಯಾಗಿ ನೋಡಿದ್ದೇನೆ. ಹಿಂದೆಯೇ ಕಾಯಿಲೆಯ ವರ್ಷಗಳು ಬಂದವು. ಕೆನ್ನೆ ಒಳಗೆ ಹೋಯಿತು, ಕೈಬಳೆ ಸಡಿಲವಾಗಿ ಮೊಣಕೈಗೆ ಜಾರಿತು. ಎತ್ತಿಕೊಳ್ಳಲು ನಾನು ಮುಂದೆ ಹೋದೆ. ಅವಳು ತಲೆಯಾಡಿಸಿದಳು. ಮೇಜು ಹಿಡಿದು, ಗೋಡೆ ಹಿಡಿದು, ಬಾಗಿಲ ಚೌಕಟ್ಟು ಹಿಡಿದು ನಡೆದು ಹೊಸ್ತಿಲು ದಾಟಿದಳು. ಅಂಗಡಿಯ ಮೆಟ್ಟಿಲ ಮೇಲೆ, ಜೊತೆಗೇ ಹೊರಬಂದಿದ್ದ ಇಂದುವಿನ ಪಕ್ಕ ಕುಳಿತು, ಅವಳ ಹೆಗಲಿಗೆ ತಲೆ ಕೊಟ್ಟಳು. ಒಂದು ಸಲ ಜೋರಾಗಿ ನರಳಿದಳು. ಹನ್ನೊಂದು ವರ್ಷದಲ್ಲಿ ಅವಳು ನರಳಿದ್ದನ್ನು ನಾವು ಕೇಳಿದ್ದು ಅದೊಂದೇ ಸಲ. ಎದುರಿನ ಅಂಗಡಿಯ ನೆರಳು ಬೀದಿಯ ನಡುವಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೇಷ್ಟ್ರಿಗೆ ಪುಸ್ತಕ ತಲುಪಿಸಿಯಾಗಿದೆ. ಚೀಟಿಯ ‘ಹುಟ್ಟು’ ಎಂಬಲ್ಲಿ ಅಪ್ಪ ಹೇಳಿದ್ದನ್ನು ಬರೆದು, ಕೂಸು ಅತ್ತಿತು ಎಂಬುದನ್ನೂ ಸೇರಿಸಿದ್ದೇನೆ. ಆ ಅಳುವನ್ನು ಬಿಟ್ಟು ಯಾರಿಗೂ ಈ ಕಥೆ ಹೇಳಬಾರದೆಂದು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ.

ನೀಲು ಹೋದ ದಿನ ಸಂಜೆ ಬಿಸಿನೀರು ಕಾಯಿಸಿ, ನಾನೂ ಇಂದುವೂ ಅವಳ ಮೈ ತೊಳೆದೆವು. ನಾನು ಹೆಬ್ಬೆರಳಿನ ಕಟ್ಟು ಬಿಚ್ಚಿದೆ. ಗಾಯ ಆರಿತ್ತು. ಉಗುರಿನ ಬುಡದಲ್ಲಿ ಎಳ್ಳಿನಷ್ಟು ಬಿಳಿಯ ಕಲೆ, ಎಂದೋ ಚಿಕ್ಕಂದಿನಲ್ಲಿ ಆದ ಗಾಯದ ಹಾಗೆ. ಇನ್ನೊಂದು ಕೈಯಲ್ಲಿ ನಾನು ರೂಢಿಯಂತೆ ಹರಿದುಕೊಂಡು ಬಂದಿದ್ದ ಹಳೆ ಧೋತ್ರದ ಚೂರಿತ್ತು. ಇಂದುಮತಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ನೀರಿನಲ್ಲಿ ಅದ್ದಿ, ಅವಳ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು.